ಎರಡನೆಯ ಕೈ

ಗುರುವಾರ ಮಧ್ಯಾಹ್ನ ಪ್ರೆಸ್ಬಿಟೇರಿಯನ್ ಚರ್ಚಿನ ಹಿಂದಿನ ಸಭಾಂಗಣದಲ್ಲಿ ಸ್ತ್ರೀಯರ ಸೇವಾ ಸಂಘ ಸೇರಿದಾಗ, ಕಿಟಕಿ ಪಕ್ಕದ ಬೆಂಚಿನ ತುದಿಯಿಂದ ಒಂದು ಕೈ ಏಳುತ್ತಿತ್ತು. ಸೋಪಿನ ನೀರಿನಲ್ಲಿ ನೆನೆದು ನೆನೆದು ಬೆರಳ ತುದಿ ಸುಕ್ಕುಗಟ್ಟಿದ, ಮಣಿಕಟ್ಟಿನ ಮೇಲೆ ಇಸ್ತ್ರಿ ಸುಟ್ಟ ಹಳೆಯ ಗೀರಿದ್ದ ಕೈ. ತುಂಬ ಮೇಲಕ್ಕೇನೂ ಹೋಗುತ್ತಿರಲಿಲ್ಲ. ಕಿವಿಯ ಮಟ್ಟಕ್ಕೆ ಬಂದು ನಿಲ್ಲುತ್ತಿತ್ತು. ಅದರ ಹಿಂದೆಯೇ ಒಂದು ಮೆಲುದನಿ: "ನನ್ನ ಅನುಮೋದನೆ ಇದೆ."

ಇಷ್ಟು ಹೇಳಿ ಹೇಳಿಯೇ ಅವಳಿಗೆ ಅನುಮೋದನೆ ಅಕ್ಕ ಎಂಬ ಹೆಸರು ಬಿದ್ದಿತ್ತು. ಅವಳಿಗಿಂತ ಹಿರಿಯರೂ ಅಕ್ಕ ಎಂದೇ ಕರೆಯುತ್ತಿದ್ದರು. ಊರಿನ ಬಸ್ಸು ಓಡಿಸುತ್ತಿದ್ದ ಅವಳ ಗಂಡ ಮಾತ್ರ, ಯಾರಾದರೂ ಆ ಹೆಸರೆತ್ತಿದರೆ ಮೀಸೆಯಡಿ ನಗುತ್ತಿದ್ದ. "ಊರಲ್ಲೆಲ್ಲ ಅನುಮೋದನೆ ಹಂಚ್ಕೊಂಡು ಬರ್ತಾಳೆ ಕಣ್ರೀ. ಮನೇಲಿ ನಾನು ಏನು ಹೇಳಿದ್ರೂ ಬಿದ್ದುಹೋಗುತ್ತೆ."

ಬಿದ್ದುಹೋಗುವುದು ಎಂಬ ಮಾತು ಸಂಘದ್ದು. ಅಲ್ಲಿ ಏನು ಮಾಡಬೇಕಾದರೂ ಒಂದು ಕ್ರಮವಿತ್ತು. ಒಬ್ಬಳು ಎದ್ದು ಸೂಚಿಸಬೇಕು, ಇನ್ನೊಬ್ಬಳು ಕೈ ಎತ್ತಿ ಅನುಮೋದಿಸಬೇಕು, ಆಮೇಲೆ ಚರ್ಚೆ, ಕೊನೆಗೆ ಮತ. ಚಹಾದ ಜೊತೆಗೆ ಯಾವ ಬಿಸ್ಕತ್ತು ತರಿಸಬೇಕು ಎನ್ನುವುದಕ್ಕೂ ಇದೇ ದಾರಿ. ಅನುಮೋದಕಿ ಸಿಗದ ಸೂಚನೆ ಚರ್ಚೆಗೂ ಬಾರದೆ ಅಲ್ಲೇ ಬಿದ್ದುಹೋಗುತ್ತಿತ್ತು. ಚರ್ಚಿಗೆ ಬೆಂಕಿ ಹತ್ತಿದರೂ ಇವರು ಮೊದಲು ಅನುಮೋದಕಿಯನ್ನು ಹುಡುಕಿ ಆಮೇಲೆ ನೀರು ತರುತ್ತಾರೆ ಎಂದು ಸಭಾ ಹಿರಿಯರು ತಮಾಷೆ ಮಾಡುತ್ತಿದ್ದರು. ಅವರ ಸಭೆಗಳೂ ಹಾಗೆಯೇ ನಡೆಯುತ್ತಿದ್ದವು, ಆ ಮಾತು ಬೇರೆ.

ಅಕ್ಕ ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆಯ ಬೆನ್ನಿಗೆ ಅಂಟಿಕೊಂಡು ಆ ಸಭಾಂಗಣಕ್ಕೆ ಬಂದವಳು. ಅವತ್ತು ಗುಂಡಿ, ದಾರ ಮಾರುವ ವಿಧವೆಯೊಬ್ಬಳು ಎದ್ದು ನಿಂತಿದ್ದಳು. ಸೆರೆಮನೆಯಲ್ಲಿರುವ ಹೆಂಗಸರಿಗೆ ಬಾಚಣಿಗೆ, ಸೋಪು ಕೊಟ್ಟು ಬರೋಣ, ಅವರೂ ತಲೆ ಬಾಚಿಕೊಳ್ಳಲಿ ಎಂದಳು. ಆಗಿನ ಅಧ್ಯಕ್ಷೆ ಕನ್ನಡಕದ ಮೇಲಿಂದ ಸುತ್ತ ನೋಡಿದಳು. "ಅನುಮೋದಕರು?" ಯಾರೂ ಕೆಮ್ಮಲೂ ಇಲ್ಲ. "ಅನುಮೋದನೆ ಇಲ್ಲ. ಬಿದ್ದುಹೋಯಿತು. ಮುಂದಿನ ವಿಷಯ." ವಿಧವೆ ತನ್ನ ಶಾಲನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡು ಕೂತಳು. ಸಭೆ ಮುಗಿಯುವವರೆಗೂ ಅದನ್ನು ಬಿಚ್ಚುವುದು, ಮಡಿಚುವುದು, ಇದನ್ನೇ ಮಾಡಿದಳು.

ದಾರಿಯಲ್ಲಿ ಅಕ್ಕ ಕೇಳಿದ್ದಳು. "ಅತ್ತೆ, ಅವರು ಹೇಳಿದ್ದರಲ್ಲಿ ತಪ್ಪೇನಿತ್ತು?"

"ತಪ್ಪು ಅಂತ ಯಾರು ಹೇಳಿದ್ರು?"

"ಮತ್ತೆ ಬಿದ್ದುಹೋಯ್ತಲ್ಲ."

ಅತ್ತೆ ಸ್ವಲ್ಪ ದೂರ ನಡೆದಳು. ಆಮೇಲೆ, "ದೊಡ್ಡ ಪಾತ್ರೆ ಇರುತ್ತಲ್ಲ ಕಣೆ, ಎರಡು ಕಿವೀದು. ಒಂದು ಕಿವಿ ಒಬ್ಬಳು ಹಿಡ್ಕೊಂಡಿದ್ಲು. ಇನ್ನೊಂದು ಹಿಡಿಯೋಕೆ ಯಾರೂ ಬರ್ಲಿಲ್ಲ" ಎಂದಳು. ಮತ್ತೆ ಸ್ವಲ್ಪ ದೂರ ನಡೆದು, "ನಾನೂ ಬರ್ಲಿಲ್ಲ" ಎಂದಳು.

ಮುಂದಿನ ಗುರುವಾರ ಆ ವಿಧವೆ ಮತ್ತೆ ಏಳುವಂತೆ ಮಾಡಲು ಅತ್ತೆ ಸೊಸೆ ಇಬ್ಬರೂ ಅವಳ ಅಂಗಡಿಗೆ ಹೋಗಿ, ಬೇಕಿಲ್ಲದ ಗುಂಡಿಗಳನ್ನೆಲ್ಲ ಕೊಂಡುಕೊಂಡು, ಬಹಳ ಹೊತ್ತು ಕೂತು ಬಂದರು. ಅವಳು ಎದ್ದಳು. ಅವಳ ಮಾತು ಮುಗಿಯುವ ಮೊದಲೇ ಕಿಟಕಿಯ ಪಕ್ಕದಿಂದ ಕಿವಿಯ ಮಟ್ಟಕ್ಕೆ ಒಂದು ಕೈ ಎದ್ದಿತು. ಸಂಘದವರು ಇವತ್ತಿಗೂ ತಿಂಗಳಿಗೊಮ್ಮೆ ಸೆರೆಮನೆಗೆ ಬಾಚಣಿಗೆ, ಸೋಪು ಹೊತ್ತು ಹೋಗುತ್ತಾರೆ.

ಅಂದಿನಿಂದ ಅಕ್ಕ ಸಂಘದಲ್ಲಿ ಯಾರ ಮಾತನ್ನೂ ನೆಲಕ್ಕೆ ಬೀಳಲು ಬಿಡಲಿಲ್ಲ. ತಾನಾಗಿ ಒಂದನ್ನೂ ಸೂಚಿಸಲೂ ಇಲ್ಲ. ಮೊದಲು ಏಳುವುದು ಅವಳಿಂದಾಗುತ್ತಿರಲಿಲ್ಲ. ಎದ್ದವಳ ಪಕ್ಕದಲ್ಲಿ ನಿಲ್ಲು ಎಂದರೆ ಮಾತ್ರ ಎಲ್ಲಿ ಬೇಕಾದರೂ ನಿಲ್ಲುತ್ತಿದ್ದಳು. ಕೆಲವು ಸಲ ತಾನೇ ಅನುಮೋದಿಸಿದ್ದಕ್ಕೆ ವಿರೋಧವಾಗಿ ಮತ ಹಾಕುತ್ತಿದ್ದಳು. "ಇದೇನೇ, ಆಗ ಕೈ ಎತ್ತಿದ್ದು ನೀನೇ ಅಲ್ವಾ?" ಎಂದು ಯಾರಾದರೂ ರೇಗಿಸಿದರೆ, "ಅದು ಮಾತಾಡ್ಲಿ ಅಂತ. ಇದು ಬೇಡ ಅಂತ" ಎನ್ನುತ್ತಿದ್ದಳು.

ಇದರಿಂದ ಪಜೀತಿಯೂ ಆಗುತ್ತಿತ್ತು. ನಿವೃತ್ತಳಾದ ಡ್ರಿಲ್ ಟೀಚರೊಬ್ಬಳು, ಪ್ರಾರ್ಥನೆಗೆ ಮುಂಚೆ ಎಲ್ಲರೂ ವ್ಯಾಯಾಮ ಮಾಡಬೇಕು ಎಂದು ಸೂಚಿಸಿದಾಗ ಅಕ್ಕನ ಕೈ ಎದ್ದೇಬಿಟ್ಟಿತು. ಡ್ರಿಲ್ ಟೀಚರಿಗೆ ಹೆದರಿ ಅರ್ಧದಷ್ಟು ಜನ ಒಪ್ಪಿಯೂಬಿಟ್ಟರು. ಅಲ್ಲಿಂದ ಕೆಲವು ವಾರ ಮೊಮ್ಮಕ್ಕಳನ್ನು ಕಂಡ ಹೆಂಗಸರೆಲ್ಲ ಸೊಂಟದ ಮೇಲೆ ಕೈ ಇಟ್ಟು ಎಡಕ್ಕೂ ಬಲಕ್ಕೂ ಬಾಗಿದರು. ಕೊನೆಗೆ ಪಾಸ್ಟರರ ಅತ್ತಿಗೆ ಬಾಗಿದವಳು ಏಳಲಾರದೆ ಹಾಗೆಯೇ ಪ್ರಾರ್ಥನೆ ಕೇಳಿಸಿಕೊಂಡಳು. ಮಾರನೆಯ ವಾರ ವ್ಯಾಯಾಮ ನಿಲ್ಲಿಸುವ ಸೂಚನೆಯನ್ನು ಅತ್ತಿಗೆಯೇ ತಂದಳು. ಅದನ್ನೂ ಅಕ್ಕನೇ ಅನುಮೋದಿಸಿದಳು.

ಇನ್ನೊಂದು ಸಲ, ಸಂಘಕ್ಕೆ ಆಗಷ್ಟೇ ಸೇರಿದ್ದ ಒಬ್ಬ ಎಳೆ ಹೆಂಗಸು ಎದ್ದು ನಿಂತಳು. ಆಸ್ಪತ್ರೆಯ ಗುಮಾಸ್ತನ ಹೆಂಡತಿ. ದನಿ ನಡುಗುತ್ತಿತ್ತು. ದೂರದಿಂದ ರೋಗಿಗಳ ಜೊತೆ ಬರುವ ಹೆಂಗಸರು ಆಸ್ಪತ್ರೆಯ ಮೆಟ್ಟಿಲ ಮೇಲೆ ಮಲಗುತ್ತಾರೆ, ಅವರಿಗೆ ಚರ್ಚಿನ ಸಾಮಾನು ಕೋಣೆ ಖಾಲಿ ಮಾಡಿ ಮಂಚ ಹಾಕಿ ಕೊಡೋಣ ಎಂದಳು. ಹಿಂದಿನ ಸಾಲಿನಲ್ಲಿ ಯಾರೋ, "ನಿನ್ನೆ ಬಂದೋಳು, ಇವತ್ತು ಕೋಣೆ ಖಾಲಿ ಮಾಡಿಸ್ತಾಳಂತೆ" ಎಂದದ್ದು ಎಲ್ಲರಿಗೂ ಕೇಳಿಸಿತು. ನಗು ಎದ್ದಿತು. ನಗುವಿನ ನಡುವೆಯೇ ಅಕ್ಕ ಕೈ ಎತ್ತಿದ್ದಳು. ಈಗ ಆ ಕೋಣೆಯಲ್ಲಿ ಮಂಚಗಳಿವೆ, ನೀರು ಕಾಯಿಸುವ ಒಲೆಯಿದೆ, ಒಂದು ಕನ್ನಡಿಯಿದೆ. ಗುಮಾಸ್ತ ವರ್ಷ ಕಳೆದಂತೆ ಮೇಲೇರಿ ಆಸ್ಪತ್ರೆಯ ಆಡಳಿತಾಧಿಕಾರಿಯಾದ. ಅವನ ಹೆಂಡತಿ ಸಂಘದ ಅಧ್ಯಕ್ಷೆಯಾದಳು.

ಅಕ್ಕನಿಗೂ ಅದೇ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ, ಗುರುವಾರ ಮಧ್ಯಾಹ್ನ ಮಾತ್ರ ಬಿಡುವು.

ಲಾಂಡ್ರಿಯಿದ್ದದ್ದು ಆಸ್ಪತ್ರೆಯ ಹಿಂಬದಿಯ ನೆಲಮಾಳಿಗೆಯಲ್ಲಿ. ಒಂದು ಗೋಡೆಗೆ ಒಗೆಯುವ ಯಂತ್ರಗಳು, ಇನ್ನೊಂದು ಗೋಡೆಗೆ ಹಬೆಯಿಂದ ಕಾಯುವ ದೊಡ್ಡ ಇಸ್ತ್ರಿ ರೋಲರು. ಅದರ ಬಾಯಿಗೆ ಒದ್ದೆ ಬೆಡ್‌ಶೀಟು ಕೊಟ್ಟರೆ ಆ ಕಡೆಯಿಂದ ಗರಿಗರಿಯಾಗಿ ಹೊರಬರುತ್ತಿತ್ತು. ಮೂಲೆಯಲ್ಲಿ ಕೊಳೆ ಬಟ್ಟೆ ವಿಂಗಡಿಸುವ ಕಟ್ಟೆ. ಅಲ್ಲಿ ರಕ್ತ, ಕೀವು, ಮಕ್ಕಳ ವಾರ್ಡಿನ ಹಾಲಿನ ಕಲೆ, ಎಲ್ಲವೂ ಬೇರೆ ಬೇರೆ ಗುಡ್ಡೆ. ನಡುವೆ ಮಡಿಚುವ ಮೇಜು. ಬೆಡ್‌ಶೀಟು ಮಡಿಚಲು ಇಬ್ಬರು ಬೇಕು. ಎದುರುಬದುರು ನಿಂತು, ಎರಡೆರಡು ಮೂಲೆ ಹಿಡಿದು, ಒಮ್ಮೆ ಕೊಡವಿ, ಹತ್ತಿರ ನಡೆದು ಬಂದು ಬೆರಳಿಗೆ ಬೆರಳು ಮುಟ್ಟಿಸಿ, ಮತ್ತೆ ಹಿಂದೆ ಸರಿಯುವುದು. ಆ ಕೆಲಸದಲ್ಲಿ ಅಕ್ಕನ ಜೊತೆಗಾತಿಗೆ ಹೊಗೆಬಂಡಿ ಎಂದು ಹೆಸರು. ಉಬ್ಬಸದವಳು. ಮೆಟ್ಟಿಲಿಳಿದು ಬರುವಾಗಲೇ ಏದುಸಿರು ಬಿಡುತ್ತಿದ್ದಳು, ಬಂದು ನಿಂತ ಮೇಲೆ ಮಾತು ನಿಲ್ಲುತ್ತಿರಲಿಲ್ಲ. ಮಾತಿಗೆ ಅದೆಲ್ಲಿಂದ ಉಸಿರು ಸಿಗುತ್ತದೋ ಎಂದು ಲಾಂಡ್ರಿಯವರು ಬೆರಗಾಗುತ್ತಿದ್ದರು.

ಹಿಂದೊಮ್ಮೆ ಬಟ್ಟೆ ಕಳುವಾಯಿತೆಂದು ಲಾಂಡ್ರಿಯ ಮೇಲ್ವಿಚಾರಕ ಆಡಳಿತಾಧಿಕಾರಿಯ ಅಪ್ಪಣೆ ಪಡೆದು ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿಸಲು ಶುರು ಮಾಡಿದ್ದ. ಕೆಲಸ ಶುರುವಾದಾಗ ಬೀಗ ಬೀಳುತ್ತಿತ್ತು, ಊಟಕ್ಕೆ ತೆರೆಯುತ್ತಿತ್ತು. ಬೀಗದ ಕೈ ಕಾವಲುಗಾರನ ಜೇಬಿನಲ್ಲಿ. ಮೊದಮೊದಲು ಹೆಂಗಸರು ಗೊಣಗಿದರು. "ನಾವೇನು ಬೆಡ್‌ಶೀಟ್ ಉಟ್ಕೊಂಡು ಹೋಗ್ತೀವಾ?" ಎಂದು ಹೊಗೆಬಂಡಿ ಮೇಲ್ವಿಚಾರಕನ ಎದುರಿಗೇ ಕೇಳಿದ್ದಳು. ಆಮೇಲೆ ಎಲ್ಲರಿಗೂ ರೂಢಿಯಾಯಿತು. ಅಕ್ಕನಿಗೂ ಆಯಿತು.

ಒಂದು ಬೆಳಿಗ್ಗೆ ರೋಲರಿನ ಹಿಂದೆ ಹಬೆಯ ಪೈಪಿನ ಜೋಡಣೆ ಕಳಚಿಕೊಂಡಿತು. ಸಿಳ್ಳೆಯಂಥ ಸದ್ದು, ಅದರ ಬೆನ್ನಿಗೇ ಕೋಣೆಯೆಲ್ಲ ಬಿಳಿ. ಪಕ್ಕದವಳ ಮುಖ ಪಕ್ಕದವಳಿಗೆ ಕಾಣಲಿಲ್ಲ. ಬಾಗಿಲಿಗೆ ಬೀಗ. ಕಾವಲುಗಾರ ಚಹಾ ಕುಡಿಯಲು ಅಡುಗೆಮನೆಯ ಕಡೆ ಹೋಗಿದ್ದ. ಹೆಂಗಸರು ಬಕೆಟ್ಟಿನಿಂದ ಬಾಗಿಲು ಬಡಿದರು. ಹೊಗೆಬಂಡಿ ಪೈಪಿನ ತಿರುಗಣಿಯನ್ನು ಬರಿಗೈಯಲ್ಲಿ ಹಿಡಿದು ತಿರುಗಿಸಿದಳು. ಹಬೆ ನಿಂತಿತು. ಅವಳ ಅಂಗೈ ಸುಟ್ಟುಹೋಯಿತು, ಉಸಿರು ಕಟ್ಟಿತು. ಅಕ್ಕ ಅವಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ನೆಲದ ಮೇಲೆ ಎಳೆದುಕೊಂಡು ಹೋಗಿ, ಬಾಗಿಲ ಕೆಳಗಿನ ಸಂದಿಗೆ ಅವಳ ಬಾಯಿ ಹತ್ತಿಸಿ ಮಲಗಿಸಿದಳು. ಆಚೆಯ ಗಾಳಿಗೆ ಅವಳ ಎದೆ ಒಂದೊಂದು ಸಲ ಏಳುತ್ತಿತ್ತು. ಆ ಎದೆಯ ಮೇಲೆ ಕೈಯಿಟ್ಟುಕೊಂಡು ಅಕ್ಕ ಕೀಲಿ ತಿರುಗುವ ಸದ್ದಿಗೆ ಕಾದಳು.

ಬಾಗಿಲು ತೆರೆಯಿತು. ಹೊಗೆಬಂಡಿ ಬದುಕಿದಳು. ಮಾರನೆಯ ದಿನ ಪೈಪು ರಿಪೇರಿಯಾಯಿತು. ಬೀಗ ಹಾಗೆಯೇ ಉಳಿಯಿತು.

ವಾರ್ಡಿನಲ್ಲಿ ಅಕ್ಕ ಅವಳನ್ನು ನೋಡಲು ಹೋದಾಗ, ತಾವೇ ಮಡಿಚಿದ ಬೆಡ್‌ಶೀಟಿನ ಮೇಲೆ ಹೊಗೆಬಂಡಿ ಒರಗಿ ಕೂತಿದ್ದಳು. ಬಲಗೈ ಪೂರ್ತಿ ಬ್ಯಾಂಡೇಜು.

"ನಿಮ್ಮ ಸಂಘದಲ್ಲಿ ಎಲ್ಲದಕ್ಕೂ ಕೈ ಎತ್ತೋಳಂತಲ್ಲ ನೀನು," ಎಂದಳು. ದನಿ ಸಣ್ಣಗಾಗಿತ್ತು, ಚೇಷ್ಟೆ ಹಾಗೇ ಇತ್ತು. "ಬೀಗ ತೆಗೀರಿ ಅಂತ ಒಂದು ಸಲ ಎತ್ತು."

"ಯಾರಾದ್ರೂ ಸೂಚಿಸಿದ್ರೆ ಎತ್ತೋಳು ಕಣೇ ನಾನು. ಎರಡನೇ ಕೈ."

"ಮೊದಲನೇದು ಯಾರು ಎತ್ತಬೇಕು? ನಾನಾ? ನಾನು ನಿಮ್ಮ ಚರ್ಚಿನೋಳೂ ಅಲ್ಲ, ಸಂಘದೋಳೂ ಅಲ್ಲ." ಬ್ಯಾಂಡೇಜಿನ ಗಂಟನ್ನು ಮುಖದ ಮುಂದೆ ಆಡಿಸಿದಳು. "ಅದೂ ಅಲ್ದೆ ಇದನ್ನ ಎತ್ತಿದ್ರೆ ಒಗೆಯೋಕೆ ಬಂದಿರೋ ಬಟ್ಟೆ ಮೂಟೆ ಅಂದ್ಕೊಳ್ತಾರೆ."

ಅಕ್ಕ ನಗಲು ನೋಡಿದಳು, ಆಗಲಿಲ್ಲ.

ಬೇರೆ ಯಾರಾದರೂ ಸೂಚಿಸಲಿ, ತಾನು ಎಂದಿನಂತೆ ಪಕ್ಕದಲ್ಲಿ ನಿಲ್ಲುತ್ತೇನೆ ಎಂಬ ಆಸೆ ಅವಳಿಗೆ ಇನ್ನೂ ಇತ್ತು. ಔಷಧಿ ಅಂಗಡಿಯವನ ಹೆಂಡತಿ ಸಂಘದಲ್ಲಿ ದಿಟ್ಟವಾಗಿ ಮಾತಾಡುವವಳು. ಅವಳ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದಳು. ಅವಳು ಕೇಳುತ್ತ ಕೇಳುತ್ತ ಒಂದು ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತಲೇ ಇದ್ದಳು.

"ಅಯ್ಯೋ, ಅದು ಅನ್ಯಾಯಾನೇ ಅಕ್ಕ. ಆದ್ರೆ ನಮ್ಮ ಅಂಗಡಿ ಆಸ್ಪತ್ರೆ ಗೇಟಿನ ಎದುರಿಗೇ ಇದೆ. ಅಧ್ಯಕ್ಷರ ಯಜಮಾನರು ದಿನಾ ಇದೇ ದಾರೀಲಿ ಓಡಾಡ್ತಾರೆ. ನಾನು ಹೆಂಗೆ ಎದ್ದು ನಿಲ್ಲಲಿ, ನೀನೇ ಹೇಳು?"

ಅಕ್ಕ ಅಲ್ಲಿಂದ ಹೊರಟು ಬಂದಳು. ಅವಳದೂ ಅದೇ ಕಥೆಯಾಗಿತ್ತು. ಅವಳ ಅನ್ನವೂ ಅದೇ ಗೇಟಿನೊಳಗಿತ್ತು.

ಬುಧವಾರ ಸಂಜೆ ಗಂಡ ಬಸ್ಸು ಬಿಟ್ಟು ಬಂದು ಕಾಲು ತೊಳೆಯುತ್ತಿದ್ದಾಗ ಅವಳು ಟವೆಲು ಹಿಡಿದು ನಿಂತಳು.

"ನಾಳೆ ನಾನೇ ಸೂಚಿಸ್ಬೇಕು ಅಂತಿದ್ದೀನಿ."

ಅವನು ಒಂದು ಕಾಲನ್ನು ನೀರಿನಲ್ಲೇ ಬಿಟ್ಟು ತಲೆ ಎತ್ತಿದ. "ಯಾರ ಗಂಡನ ಆಸ್ಪತ್ರೆ ಅಂತ ಗೊತ್ತಲ್ವಾ?"

"ಗೊತ್ತು."

"ಕೆಲಸದಿಂದ ತೆಗೆದ್ರೆ?"

"ಅದಕ್ಕೇ ನಿಮ್ಮನ್ನ ಕೇಳ್ತಿರೋದು."

ಅವನು ಟವೆಲು ತೆಗೆದುಕೊಂಡು ಬೆರಳ ಸಂದಿಯನ್ನೆಲ್ಲ ನಿಧಾನವಾಗಿ ಒರೆಸಿಕೊಂಡ. ಆಮೇಲೆ ಒದ್ದೆ ಕೈಯನ್ನು ಕಿವಿಯ ಮಟ್ಟಕ್ಕೆ ಎತ್ತಿದ. ಅವಳ ಹಾಗೆಯೇ, ಅದಕ್ಕಿಂತ ಒಂದಿಷ್ಟೂ ಮೇಲಲ್ಲ. "ಮನೆ ಕಡೆಯಿಂದ ಅನುಮೋದನೆ ಇದೆ" ಎಂದ.

ಗುರುವಾರ ಸಭಾಂಗಣದಲ್ಲಿ ಗೀತೆಯಾಯಿತು, ಪ್ರಾರ್ಥನೆಯಾಯಿತು. ಕಂಬಳಿ ಹಂಚುವ ಮಾತಾಯಿತು. ಅಧ್ಯಕ್ಷೆ, "ಬೇರೆ ಯಾವುದಾದರೂ ವಿಷಯ?" ಎಂದಳು. ಅದು ಸಾಮಾನ್ಯವಾಗಿ ಚಹಾ ಕೆಟಲಿನ ಕಡೆ ಕಣ್ಣು ಹಾಯಿಸುವ ಹೊತ್ತು. ಕಿಟಕಿಯ ಪಕ್ಕದ ಬೆಂಚು ಕಿರುಗುಟ್ಟಿತು. ಅಕ್ಕ ಎದ್ದು ನಿಂತಿದ್ದಳು.

"ಅಧ್ಯಕ್ಷರೇ, ನಂದೊಂದು ಸೂಚನೆ ಇದೆ."

ಸಭೆಯ ಹೊತ್ತಿನಲ್ಲಿ ಉಣ್ಣೆ ಹೆಣೆಯುವವರ ಕಡ್ಡಿಗಳೆಲ್ಲ ಒಟ್ಟಿಗೆ ನಿಂತವು. ಅಕ್ಕ ಸೂಚಿಸುವುದೆಂದರೆ! ಪಾಸ್ಟರರ ಅತ್ತಿಗೆ ಪಕ್ಕದವಳನ್ನು ತಿವಿದಳು.

ಅಕ್ಕ ಮುಂದಿನ ಬೆಂಚಿನ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಆಸ್ಪತ್ರೆ ಲಾಂಡ್ರೀಲಿ ನಾವು ಕೆಲಸ ಮಾಡೋವಾಗ ಹೊರಗಿಂದ ಬೀಗ ಹಾಕ್ತಾರೆ. ಮೊನ್ನೆ ಹಬೆ ಪೈಪು ಬಿಟ್ಕೊಂಡಾಗ ಬೀಗದ ಕೈ ನಮ್ಮ ಹತ್ರ ಇರ್ಲಿಲ್ಲ. ನನ್ನ ಜೊತೆಗಾತಿ ಬಾಗಿಲ ಸಂದೀಲಿ ಉಸಿರಾಡಿದ್ಲು. ನಾನು ನೋಡಿದೆ. ಆ ಬೀಗ ತೆಗೀಬೇಕು ಅಂತ ಸಂಘದೋರು ಹೋಗಿ ಆಸ್ಪತ್ರೆಯವರನ್ನ ಕೇಳ್ಬೇಕು. ತೆಗೆಯೋವರೆಗೂ ನಾವು ಇಬ್ಬಿಬ್ಬರು ಸರದಿ ಮೇಲೆ ಆ ಬಾಗಿಲ ಹತ್ರ ಕೂರ್ಬೇಕು. ಒಳಗೆ ಏನಾದ್ರೂ ಆದ್ರೆ ಹೊರಗೆ ಒಬ್ಬರಾದ್ರೂ ಇರ್ತಾರೆ. ಹೀಗಂತ ನಾನು ಸೂಚಿಸ್ತೀನಿ."

ಹೇಳಿ ಮುಗಿಸಿ ಕೂತಳು. ಕೂತವಳ ಕೈ, ಇಷ್ಟು ವರ್ಷದ ಅಭ್ಯಾಸಕ್ಕೆ, ತಾನಾಗಿಯೇ ಕಿವಿಯ ಮಟ್ಟಕ್ಕೆ ಏರಿತು. ಬಾಯಿಯೂ ಸುಮ್ಮನಿರಲಿಲ್ಲ. "ನನ್ನ ಅನುಮೋದನೆ ಇದೆ."

ಸಭಾಂಗಣ ನಗುವಿನಲ್ಲಿ ಮುಳುಗಿತು. ಹಿಂದಿನ ಸಾಲಿನವರು ಬೆಂಚು ಬಡಿದರು. "ನಿನ್ನ ಮಾತಿಗೆ ನೀನೇ ಅನುಮೋದನೇನೇ?" ಎಂದು ಪಾಸ್ಟರರ ಅತ್ತಿಗೆ ಕಣ್ಣೊರೆಸಿಕೊಂಡಳು. ಅಕ್ಕನಿಗೆ ಕಿವಿಯವರೆಗೆ ಬಿಸಿಯೇರಿತು. ಎತ್ತಿದ ಕೈಯನ್ನು ಎಲ್ಲಿಡಬೇಕೋ ತಿಳಿಯದೆ ಇನ್ನೊಂದು ಕೈಯಿಂದ ಹಿಡಿದು ತೊಡೆಯ ಮೇಲೆ ಇಳಿಸಿಕೊಂಡಳು.

ನಗು ಇಳಿಯಿತು. ಇಳಿದ ಮೇಲೆ ಎಲ್ಲರಿಗೂ ಸೂಚನೆ ನೆನಪಾಯಿತು.

"ಅನುಮೋದಕರು ಯಾರಾದರೂ?" ಎಂದಳು ಅಧ್ಯಕ್ಷೆ. ಅವಳ ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ.

ಫ್ಯಾನು ತಿರುಗುತ್ತಿತ್ತು. ಕೆಟಲಿನ ಮುಚ್ಚಳ ಸಣ್ಣಗೆ ಕುಣಿಯುತ್ತಿತ್ತು. ಔಷಧಿ ಅಂಗಡಿಯವಳು ಉಣ್ಣೆಯ ಉಂಡೆಯಲ್ಲಿ ಏನನ್ನೋ ಹುಡುಕತೊಡಗಿದಳು. ಪಾಸ್ಟರರ ಅತ್ತಿಗೆ ಗೋಡೆಯ ಗಡಿಯಾರ ನೋಡಿದಳು. ಡ್ರಿಲ್ ಟೀಚರಿಗೆ ಈಗ ಕಿವಿ ಮಂದ. ಮಗ್ಗುಲಿಗೆ ವಾಲಿ ತೂಕಡಿಸುತ್ತಿದ್ದಳು. ಅಕ್ಕ ಯಾರ ಮುಖವನ್ನೂ ನೋಡಲಿಲ್ಲ. ನೋಡಿದರೆ ಕೇಳಿದಂತಾಗುತ್ತದೆ ಎಂದು ಅವಳಿಗೆ ಅಳುಕು. ತನ್ನ ಶಾಲನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡಳು. ಇಟ್ಟುಕೊಂಡ ಮೇಲೆ, ಅದು ಗುಂಡಿ ಮಾರುವ ವಿಧವೆ ಮಾಡಿದ ಹಾಗಾಯಿತು ಎಂದು ಹೊಳೆದು, ಬೆರಳು ಅಲ್ಲೇ ನಿಂತಿತು.

"ಅನುಮೋದಕರು?" ಎಂದಳು ಅಧ್ಯಕ್ಷೆ ಮತ್ತೊಮ್ಮೆ.

ಬಿದ್ದುಹೋಯಿತು ಎಂಬ ಮಾತಿಗಾಗಿ ಅಕ್ಕ ತಲೆ ತಗ್ಗಿಸಿ ಕಾದಳು. ಅದು ಬರಲಿಲ್ಲ. ಕುರ್ಚಿ ಸರಿದ ಸದ್ದು ಬಂದಿತು.

ಅಧ್ಯಕ್ಷೆ ಎದ್ದಿದ್ದಳು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಪಾಸ್ಟರರ ಅತ್ತಿಗೆಯ ಕಡೆ ತಿರುಗಿ, "ಉಪಾಧ್ಯಕ್ಷರು ಸ್ವಲ್ಪ ಇಲ್ಲಿ ಬಂದು ಕೂರಬೇಕು" ಎಂದಳು.

"ನಾನಾ? ಯಾಕೆ?" ಅತ್ತಿಗೆ ಗಾಬರಿಯಾದಳು.

"ಅಧ್ಯಕ್ಷ ಸ್ಥಾನದಲ್ಲಿ ಕೂತವರು ಅನುಮೋದಿಸೋ ಹಾಗಿಲ್ಲ. ಅದಕ್ಕೆ ಆ ಸ್ಥಾನ ಬಿಟ್ಟು ಇಳೀಬೇಕು. ನಮ್ಮ ಕ್ರಮ."

ಅತ್ತಿಗೆ ಹೋಗಿ, ಕಾದ ಕಲ್ಲಿನ ಮೇಲೆ ಕೂತವಳಂತೆ ಆ ಕುರ್ಚಿಯ ತುದಿಯಲ್ಲಿ ಕೂತಳು. ಅಧ್ಯಕ್ಷೆ ಬೆಂಚುಗಳ ನಡುವೆ ನಡೆದು ಬಂದಳು. ಕಿಟಕಿಯ ಪಕ್ಕ ಬಂದು, "ಸ್ವಲ್ಪ ಜರುಗು ಅಕ್ಕ" ಎಂದಳು. ಅಕ್ಕ ಜರುಗಿದಳು. ಪಕ್ಕದಲ್ಲಿ ಕೂತು ಅವಳು ಕೈ ಎತ್ತಿದಳು. ಎತ್ತರಕ್ಕೆ, ಹಿಂದಿನ ಸಾಲಿಗೂ ಕಾಣುವ ಹಾಗೆ.

"ನನ್ನ ಅನುಮೋದನೆ ಇದೆ."

ದನಿ ನಡುಗುತ್ತಿತ್ತು. ಸಾಮಾನು ಕೋಣೆಗೆ ಮಂಚ ಬೇಕೆಂದು ಎದ್ದು ನಿಂತ ಆ ಗುಮಾಸ್ತನ ಹೆಂಡತಿಯದೇ ದನಿ. ಅಕ್ಕನಿಗೆ ಅದರ ಗುರುತು ಹತ್ತಿತು.

ಅಷ್ಟರಲ್ಲಿ ಡ್ರಿಲ್ ಟೀಚರ್ ಕಣ್ಣು ಬಿಟ್ಟಳು. "ಅಧ್ಯಕ್ಷರು ಯಾಕೆ ಅಲ್ಲಿ ಕೂತಿದ್ದಾರೆ? ಏನಂತೆ?" ಪಕ್ಕದವಳು ಅವಳ ಕಿವಿಗೆ ಬಾಯಿ ಹಚ್ಚಿ ವಿಷಯ ಕೂಗಿದಳು. ಡ್ರಿಲ್ ಟೀಚರ್ ಎರಡೂ ಕೈ ಎತ್ತಿದಳು. "ಇದಕ್ಕೂ ಚರ್ಚೆ ಬೇಕೇನ್ರೇ ನಿಮಗೆ? ಎತ್ತಿ ಕೈ!"

ಆದರೂ ಚರ್ಚೆ ನಡೆಯಿತು. ಕ್ರಮ ಎಂದರೆ ಕ್ರಮ. ಕೆಲವರು ಬೇಡ ಎಂದರು, ಆಸ್ಪತ್ರೆಯವರ ಮನಸ್ಸು ನೋಯುತ್ತದೆ ಎಂದರು. ಅವರ ಮಾತನ್ನೂ ಅಕ್ಕ ಪೂರ್ತಿ ಕೇಳಿಸಿಕೊಂಡಳು. ಮತಕ್ಕೆ ಹಾಕಿದಾಗ ಎದ್ದ ಕೈಗಳ ನಡುವೆ ಉಣ್ಣೆಯ ಎಳೆ ತೂಗುತ್ತಿದ್ದ ಒಂದು ಕೈ ಅವಳಿಗೆ ಕಂಡಿತು. ಔಷಧಿ ಅಂಗಡಿಯವಳದು.

ಮತದಲ್ಲಿ ಗೆದ್ದ ಗೊತ್ತುವಳಿಯಂತೆ ಮಾರನೆಯ ಬೆಳಿಗ್ಗೆ ಅಧ್ಯಕ್ಷೆಯೇ ಮುಂದಾಗಿ ಸಂಘದವರು ಆಡಳಿತ ಕಚೇರಿಗೆ ಹೋದರು. ಯೋಚನೆ ಮಾಡೋಣ ಎಂಬ ಉತ್ತರ ಬಂದಿತು. ಅಲ್ಲಿಂದ ನೇರ ನೆಲಮಾಳಿಗೆಗೆ ಇಳಿದು, ಲಾಂಡ್ರಿ ಬಾಗಿಲಿನ ಎದುರು ಸರದಿ ಶುರು ಮಾಡಿದರು. ಎರಡು ಸ್ಟೂಲು, ಎರಡು ಉಣ್ಣೆಯ ಚೀಲ. ಮೊದಲ ಸರದಿಯಲ್ಲಿ ಕೂತವರು ಔಷಧಿ ಅಂಗಡಿಯವಳು ಮತ್ತು ಡ್ರಿಲ್ ಟೀಚರ್. ಕಾವಲುಗಾರ ಚಹಾಕ್ಕೆ ಹೊರಟರೆ ಡ್ರಿಲ್ ಟೀಚರ್, "ಬೀಗದ ಕೈ ಇಲ್ಲಿಟ್ಟು ಹೋಗಪ್ಪ, ನಾವೇನು ತಿನ್ನಲ್ಲ" ಎಂದು ಅಂಗೈ ಚಾಚುತ್ತಿದ್ದಳು. ಒಳಗೆ ಮಡಿಚುವ ಮೇಜಿನ ಹತ್ತಿರ ಅಕ್ಕನಿಗೆ ಎಲ್ಲ ಕೇಳಿಸುತ್ತಿತ್ತು. ರೋಲರಿನ ಗದ್ದಲದ ನಡುವೆ ಬಾಗಿಲಾಚೆ ಉಣ್ಣೆ ಕಡ್ಡಿಗಳ ಟಿಕ್ ಟಿಕ್ ಕೇಳಿಸಿತೆಂದು ಅವಳು ಆಮೇಲೆ ಹೇಳುತ್ತಿದ್ದಳು. ಅದು ಸಾಧ್ಯವಿಲ್ಲ ಎಂದು ಗಂಡ ವಾದಿಸುತ್ತಿದ್ದ.

ಮೇಲ್ವಿಚಾರಕ ಅಕ್ಕನನ್ನು ಮಡಿಚುವ ಮೇಜಿನಿಂದ ತೆಗೆದು ಕೊಳೆ ಬಟ್ಟೆಯ ಕಟ್ಟೆಗೆ ಹಾಕಿದ. ಕಾರಣ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಬೆನ್ನು ನೆಟ್ಟಗೆ ಮಾಡಿ ನಿಂತಳು. ಸಂಜೆ ಮನೆಗೆ ಹೋಗುವಾಗ ಕೈ ನಾರುತ್ತಿತ್ತು, ನಡಿಗೆ ಮಾತ್ರ ಬಿರುಸಾಗಿತ್ತು.

ಅಧ್ಯಕ್ಷೆಯ ಸರದಿ ಬಂದ ದಿನ ಬಾಗಿಲಾಚೆ ಬೂಟುಗಳ ಸದ್ದು ಬಂದು ನಿಂತಿತು. ಒಳಗೆ ಎಲ್ಲ ಹೆಂಗಸರೂ ಕೆಲಸ ಬಿಟ್ಟು ಕಿವಿಯಾದರು. ಯಾರೋ ರೋಲರನ್ನೂ ನಿಲ್ಲಿಸಿದರು.

"ಏನಿದು? ಇಲ್ಲಿ ಬಂದು ಸ್ಟೂಲ್ ಮೇಲೆ ಕೂರೋದಾ ನೀನು?" ಆಡಳಿತಾಧಿಕಾರಿಯ ದನಿ.

"ಸಂಘದ ಸರದಿ. ಇವತ್ತು ನಂದು."

"ಏಳು, ಮನೆಗೆ ಹೋಗಿ ಮಾತಾಡೋಣ."

"ಮನೇಲಿ ಮಾತಾಡೋಕೆ ಗೊತ್ತುವಳಿ ಆಗಿಲ್ಲ. ಇಲ್ಲಿ ಕೂರೋಕೆ ಆಗಿದೆ."

ಒಳಗೆ ಒಬ್ಬಳು ದಿಂಬಿನ ಕವರನ್ನು ಬಾಯಿಗೆ ತುರುಕಿಕೊಂಡು ನಗು ತಡೆದಳು.

ಆಮೇಲೆ ಅಧ್ಯಕ್ಷೆಯ ದನಿ ತಗ್ಗಿತು. ಅಕ್ಕ ಬಾಗಿಲ ಹತ್ತಿರಕ್ಕೆ ಸರಿದಳು. "ಆ ಸಂದಿ ನೋಡ್ರೀ, ಬಾಗಿಲ ಕೆಳಗೆ. ಅಷ್ಟು ಸಂದೀಲಿ ಒಬ್ಬಳು ಉಸಿರಾಡಿದ್ಲಂತೆ. ಒಂದು ಸಲ ಬಗ್ಗಿ ನೋಡಿ. ಆಮೇಲೆ ನೀವು ಏಳು ಅಂದ್ರೆ ಏಳ್ತೀನಿ."

ಬೂಟು ಕಿರುಗುಟ್ಟಿತು. ಬಾಗಿಲ ಕೆಳಗಿನ ಬೆಳಕಿನ ಗೆರೆಯಲ್ಲಿ ಒಂದು ನೆರಳು ಬಂದು ನಿಂತಿತು. ಅದು ಅಲ್ಲೇ ಬಹಳ ಹೊತ್ತು ಇತ್ತು.

ಆಮೇಲೆ, "ಕಾವಲುಗಾರ ಎಲ್ಲಿ?" ಎಂಬ ಕೂಗು ಕೇಳಿಸಿತು.

ಮಧ್ಯಾಹ್ನದ ಹೊತ್ತಿಗೆ ಬಡಗಿ ಬಂದ. ಬೀಗ ಹೋಯಿತು, ಅದು ಕೂರುತ್ತಿದ್ದ ಕೊಂಡಿಯೂ ಹೋಯಿತು. ಬಾಗಿಲ ಮೇಲೆ ಸ್ಕ್ರೂ ಕಿತ್ತ ತೂತುಗಳಷ್ಟೇ ಉಳಿದವು. ಹೆಂಗಸರು ಒಬ್ಬೊಬ್ಬರಾಗಿ ಹೋಗಿ ಬಾಗಿಲನ್ನು ಒಮ್ಮೆ ತೆರೆದರು, ಒಮ್ಮೆ ಮುಚ್ಚಿದರು. ಏನೂ ಕೆಲಸವಿಲ್ಲದಿದ್ದರೂ ಆಚೆ ಹೋಗಿ ಒಳಗೆ ಬಂದರು. ಅಕ್ಕ ಎಲ್ಲರ ಕೊನೆಗೆ ಹೋದಳು. ಹೊಸಿಲ ಮೇಲೆ ನಿಂತು ಒಂದು ಉಸಿರು ಎಳೆದುಕೊಂಡು, ಮತ್ತೆ ಬಂದು ಕೊಳೆ ಬಟ್ಟೆಯ ಮುಂದೆ ನಿಂತಳು.

ಕೈ ಮಾಯ್ದ ಮೇಲೆ ಹೊಗೆಬಂಡಿ ಕೆಲಸಕ್ಕೆ ಮರಳಿದಳು. ಅಂಗೈ ಕೆಂಪಗೆ ನುಣುಪಾಗಿತ್ತು, ಬೆರಳುಗಳು ಪೂರ್ತಿ ಚಾಚುತ್ತಿರಲಿಲ್ಲ. ಬಂದವಳೇ ಮೇಲ್ವಿಚಾರಕನ ಹತ್ತಿರ ಹೋಗಿ, ಈ ಕೈಯಲ್ಲಿ ಬೆಡ್‌ಶೀಟು ಮಡಿಚಬೇಕಾದರೆ ತನ್ನ ಕೈ ಬಲ್ಲವಳೇ ಎದುರಿಗಿರಬೇಕು ಎಂದು ಹಟ ಹಿಡಿದಳು. ಅವನು ಅತ್ತ ಇತ್ತ ನೋಡಿ, ತೆರೆದ ಬಾಗಿಲ ಕಡೆ ನೋಡಿ, ಹ್ಞೂಂ ಎಂದ. ಅಕ್ಕ ಮೂಗಿನ ಬಟ್ಟೆ ಬಿಚ್ಚಿ ಮೇಜಿಗೆ ಬಂದಳು.

ಅಂದು ಊಟದ ಬಿಡುವಿನಲ್ಲಿ ಯಾರೂ ಮೇಲಕ್ಕೆ ಹೋಗಲಿಲ್ಲ. ಬಾಗಿಲಿಗೆ ಇಟ್ಟಿಗೆ ಕೊಟ್ಟು ತೆರೆದಿಟ್ಟು, ಗಾಳಿಗೆ ಮುಖ ಮಾಡಿ ಬಟ್ಟೆಯ ಗಂಟುಗಳ ಮೇಲೆಯೇ ಕೂತರು. ಹೊಗೆಬಂಡಿ ಡಬ್ಬಿಯ ಮುಚ್ಚಳವನ್ನು ಚಮಚದಿಂದ ಬಡಿದು ಎದ್ದು ನಿಂತಳು.

"ಈಗ ನೋಡ್ರಿ, ನಾನೂ ಒಂದು ಸೂಚನೆ ಹೇಳ್ತೀನಿ. ಅಕ್ಕನ ಸಂಘದೋರ ಹಾಗೆ." ಏದುಸಿರು ಬಿಟ್ಟು ಮುಂದುವರಿಸಿದಳು. "ಪ್ರತಿ ಸೋಮವಾರ ಕೆಲಸ ಶುರು ಮಾಡೋ ಮೊದ್ಲು ಆ ಹಬೆ ಪೈಪನ್ನ ಮೆಕ್ಯಾನಿಕ್ ಬಂದು ನೋಡ್ಬೇಕು. ನೋಡೋವರೆಗೂ ಒಬ್ಬರೂ ರೋಲರ್ ಮುಟ್ಟಬಾರದು. ಯಾರು ಏನಂತೀರಿ? ಅದೇನೋ ಹೇಳ್ತಾರಲ್ಲ... ಅನುಮೋದಕರು?"

ಅಕ್ಕನ ಕೈ ಮಡಿಲಿನಿಂದ ಹೊರಟಿತು. ಎದೆಯ ಮಟ್ಟಕ್ಕೆ ಬಂದಿತ್ತು, ಅಷ್ಟರಲ್ಲಿ ಯಂತ್ರಗಳ ಕಡೆಯಿಂದ ಒಂದು ಕೈ ಮೇಲೆದ್ದಿತು. ಒಗೆಯುವ ಯಂತ್ರದ ಹತ್ತಿರ ದಿನವಿಡೀ ಬಾಯಿ ಬಿಡದೆ ದುಡಿಯುವ ಹೆಂಗಸು. ಊಟಕ್ಕೆ ಕೈ ತೊಳೆಯುತ್ತ ಕತ್ತು ಬಗ್ಗಿಸಿಕೊಂಡೇ ಇದ್ದಳು. ಕೈ ಮಾತ್ರ ತಲೆಗಿಂತ ಮೇಲಿತ್ತು, ಸೋಪಿನ ನೊರೆ ಮೊಣಕೈವರೆಗೆ ಇಳಿಯುತ್ತಿತ್ತು. ಅವಳ ಹಿಂದೆ ಇನ್ನೊಂದು ಎದ್ದಿತು. ಅದರ ಹಿಂದೆ ಮತ್ತೊಂದು.

ಅಕ್ಕ ತನ್ನ ಕೈಯನ್ನು ಇಳಿಸಿಕೊಂಡಳು. ಎದ್ದು ಹೋಗಿ ಮೇಜಿನ ಮೇಲಿದ್ದ ಬೆಡ್‌ಶೀಟಿನ ಎರಡು ಮೂಲೆಗಳನ್ನು ಎತ್ತಿ, ಹೊಗೆಬಂಡಿಯ ಸುಟ್ಟ ಬೆರಳುಗಳಿಗೆ ನಿಲುಕುವಷ್ಟು ಹತ್ತಿರ ಹಿಡಿದಳು.